ನಾಲ್ಕು ಬೀದಿಯ ನೀರಿನ ಪುಟ

ಫೆಬ್ರವರಿ 3, ಬೆಳಿಗ್ಗೆ 6.10

ಇಂದು ನಮ್ಮ ಶಾಲೆ ಬೀದಿಗೆ ನೀರು. ಬಿಂದಿಗೆ ತುಂಬಿಸಿಟ್ಟು ರಾಸ್ಪ್‌ಬೆರಿ ಪೈ ನೋಡಿದೆ. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಒಳಗೆ ಲಿನಕ್ಸ್. ನಲವತ್ತೊಂದು ದಿನದಿಂದ ಒಮ್ಮೆಯೂ ನಿಂತಿಲ್ಲ. ನಮ್ಮ ಕಡೆಯ ನಾಲ್ಕು ಬೀದಿಗಳಲ್ಲಿ ಇಂದು ಯಾವುದರ ಪಾಳಿ ಎಂದು, ತಾರೀಕು ನೋಡಿ, ತಾನೇ ವೆಬ್ ಪುಟದಲ್ಲಿ ಹಾಕುತ್ತದೆ. ಜನ ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ಇಷ್ಟು ಸಣ್ಣದು, ಇಷ್ಟು ನಂಬಿಕಸ್ಥ... ಶಾಲೆಗೆ ಹೊತ್ತಾಯಿತು.

ಫೆಬ್ರವರಿ 5

ನಿನ್ನೆ ರಾತ್ರಿ ಹೋದ ಕರೆಂಟು ಸಂಜೆ ಬಂತು. ಪೈ, ರೂಟರ್ ಎರಡೂ ಇನ್ವರ್ಟರ್ ಮೇಲೆ ನಡೆದವು. ಊರೆಲ್ಲ ನಿಂತರೂ ನನ್ನ ಸರ್ವರ್ ನಿಲ್ಲಲಿಲ್ಲ! ಸ್ಟಾಫ್ ರೂಮಿನಲ್ಲಿ ಎರಡು ಸಲ ಹೇಳಿಕೊಂಡೆ.

ಫೆಬ್ರವರಿ 6, ಸಂಜೆ

ಪುಟದಲ್ಲಿ ಕೆರೆ ಬೀದಿ ಎಂದಿತ್ತು. ಅಲ್ಲಿಯ ಮುತ್ತಮ್ಮ — ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಾಯಿ — ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ, ಕೊಡಗಳನ್ನು ಸಾಲಾಗಿಟ್ಟು ಕಾದರು. ನೀರು ಹೋದದ್ದು ಪೇಟೆ ಬೀದಿಗೆ. ಅಲ್ಲಿಯವರು ನಿನ್ನೆಯ ಪಾಳಿ ತಪ್ಪಿತೆಂದುಕೊಂಡು ಬೀಗ ಹಾಕಿ ಕೆಲಸಕ್ಕೆ ಹೋಗಿದ್ದರು. ಎಲ್ಲರ ಕೋಪ ವಾಟರ್‌ಮ್ಯಾನ್ ಚಿಕ್ಕಬೀರಪ್ಪನವರ ಮೇಲೆ.

"ಏನಣ್ಣಾ, ಪೇಟೆ ಬೀದಿಯೋರು ಬಿರಿಯಾನಿ ಕೊಡ್ಸಿದ್ರಾ? ಫೋನಲ್ಲೇ ಐತೆ ನೋಡು, ಇವತ್ತು ನಮ್ದು!" — ಮುತ್ತಮ್ಮ.

"ನಿನ್ನೆ ಕರೆಂಟಿಲ್ದೆ ಮೋಟ್ರೇ ಓಡಿಲ್ಲ ಕಣಕ್ಕಾ. ನೀರು ಕಾಣ್ದೋರಿಗೆ ಮೊದ್ಲು ಬಿಡ್ಬೇಕಲ್ವಾ?"

ಯಾರೂ ಕೇಳಲಿಲ್ಲ. ಸೋಮವಾರ ಅವರು ಪಂಚಾಯಿತಿಯಲ್ಲಿ ಉತ್ತರ ಕೊಡಬೇಕಂತೆ. ಕೆಲಸವೇ ಹೋಗಬಹುದು. ನಾನು ಅಲ್ಲೇ ಇದ್ದೆ. ತಪ್ಪಿದ್ದು ಪುಟ ಎಂದು ಹೇಳಲಿಲ್ಲ. ಯಾಕೆ?

ಫೆಬ್ರವರಿ 8

ಪುಟ ನಿಲ್ಲಿಸಿದ್ದೇನೆ. ತಪ್ಪು ನನ್ನದು — ನಾನು ಬರೆದ ಪ್ರೋಗ್ರಾಮಿಗೆ ತಾರೀಕು ಗೊತ್ತು, ಮೋಟರ್ ನಿಂತದ್ದು ಗೊತ್ತಿಲ್ಲ. ಬೆಳಿಗ್ಗೆ ನಮ್ಮ ಬೀದಿಯ ವಾಲ್ವ್ ಬಳಿ ಚಿಕ್ಕಬೀರಪ್ಪನವರಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ನಕ್ಕರು.

"ತಾರೀಕು ನೋಡ್ಕೊಂಡು ನೀರು ಬರಲ್ಲ ಮೇಡಂ. ನಾನು ತಿರುಗಿಸಿದ್ರೆ ಬರುತ್ತೆ. ನನ್ನನ್ನ ಒಂದ್ಮಾತು ಕೇಳ್ಬೋದಾಗಿತ್ತಲ್ವಾ?"

ಹತ್ತೊಂಬತ್ತು ವರ್ಷದಿಂದ ಅವರದು ಇದೇ ಕೆಲಸ. ಯಾರಿಗೆ ಯಾವತ್ತು ತಪ್ಪಿತು, ಯಾರ ನಲ್ಲಿ ತಗ್ಗಿನಲ್ಲಿದೆ, ಎಲ್ಲ ತಲೆಯಲ್ಲೇ. ನಾನು ಮೆಚ್ಚಿಕೊಂಡು ಕೂತದ್ದು ಬೋರ್ಡನ್ನು.

ಫೆಬ್ರವರಿ 10

ಪಂಚಾಯಿತಿಯಲ್ಲಿ ಎದ್ದು ನಿಂತು ತಪ್ಪು ನನ್ನದೆಂದು ಹೇಳಿದೆ. ಚಿಕ್ಕಬೀರಪ್ಪನವರ ಮೇಲಿನ ದೂರು ಅಲ್ಲಿಗೇ ಮುಗಿಯಿತು. ಹೊರಗೆ ಮುತ್ತಮ್ಮ ಕಾಯುತ್ತಿದ್ದರು.

"ನಮ್ ಹುಡುಗಿ ತಪ್ಪು ಮಾಡಿದ್ರೆ ಇಪ್ಪತ್ತು ಸಲ ಬರೆಸ್ತೀರಲ್ಲ, ನೀವೆಷ್ಟು ಸಲ ಬರೀತೀರಿ ಮಿಸ್ಸೇ?"

ಪಕ್ಕದಲ್ಲಿದ್ದ ಚಿಕ್ಕಬೀರಪ್ಪನವರು ನಗು ತಡೆದುಕೊಂಡು, "ಪುಟ ತಿರ್ಗಾ ಹಾಕಿ ಮೇಡಂ. ಇವತ್ತು ಯಾವ ಬೀದಿ ಅಂತ ಕೇಳೋ ನೂರು ಫೋನ್ ನಂಗೂ ತಪ್ತಿತ್ತು" ಎಂದರು.

ಫೆಬ್ರವರಿ 12, ಬೆಳಿಗ್ಗೆ 5.40

ಪುಟದಲ್ಲಿ ಈಗ ತಾರೀಕಿನ ಲೆಕ್ಕವಿಲ್ಲ. ಚಿಕ್ಕಬೀರಪ್ಪನವರ ಫೋನಿನಲ್ಲಿ ನಾಲ್ಕು ಬೀದಿಗೆ ನಾಲ್ಕು ಬಟನ್. ಬೆಳಿಗ್ಗೆ ಟ್ಯಾಂಕ್ ನೋಡಿ ಅವರು ಒತ್ತಬೇಕು. ಪುಟ ಇನ್ನೂ ಖಾಲಿ. ಒತ್ತುತ್ತಾರೋ, ನನ್ನ ಸಹವಾಸವೇ ಬೇಡವೆನಿಸಿತೋ... ಪೈ ಕಾಯುತ್ತಿದೆ. ನಾನೂ.

5.52

ಬಂತು. ‘ಶಾಲೆ ಬೀದಿ.’ ನಲ್ಲಿಯಲ್ಲಿ ಆಗಲೇ ಗಾಳಿಯ ಸದ್ದು — ಬಿಂದಿಗೆ ಎಲ್ಲಿ...