ಹರಾಜಿಗೆ ಬಂದ ಮಾವನವರ ಹೆಸರು

ಎಶೋವೆ
ಸೆಪ್ಟೆಂಬರ್ 18, ಸೋಮವಾರ

ಅಮ್ಮಾ,

ನಿನ್ನ ಖೆತಿವೆಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲ ಸಾಲು ಬರೆದೆ, ಆಮೇಲೆ ಆ ಹಾಳೆಯನ್ನೇ ಹರಿದು ಹಾಕಿದೆ. ನಿನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳುವಷ್ಟು ಸಮಾಧಾನವೂ ಇವತ್ತು ನನ್ನಲ್ಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಗೋಡೆಗಳಿಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ನಮ್ಮ ಅತ್ತೆಗೆ ನಾಲ್ಕಿವೆ. ಅದಕ್ಕೇ ಕಾಗದ ಬರೆದು ಮೆಲ್ಮೊತ್ ಕಡೆಗೆ ಬರುವ ಟ್ಯಾಕ್ಸಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ನಾನು ಮಾವನವರ ಹೆಸರನ್ನು ಬಾಯಿಬಿಟ್ಟು ಹೇಳಿದೆ, ಅಮ್ಮಾ. ಗಟ್ಟಿಯಾಗಿ, ಅವರ ಎದುರಿಗೇ.

ಮದುವೆಗೆ ಮುಂಚೆ ಮೂರು ತಿಂಗಳು ನೀನು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಕಲಿಸಿದ್ದೆ. ಸೊಸೆಯಾದವಳು ಮಾವನ ಹೆಸರು ಹೇಳಬಾರದು, ಆ ಹೆಸರಿನ ಸದ್ದು ಬರುವ ಬೇರೆ ಮಾತನ್ನೂ ಆಡಬಾರದು. ನನ್ನ ಗ್ರಹಚಾರಕ್ಕೆ ಆ ಸದ್ದು ನಮ್ಮ ಭಾಷೆಯಲ್ಲಿ ಮನೆ ಅನ್ನುವ ಮಾತಿನಲ್ಲೂ ಇದೆ, ಬಲ ಅನ್ನುವುದರಲ್ಲೂ ಇದೆ, ಹಸಿವು ಅನ್ನುವುದರಲ್ಲೂ ಇದೆ. ಮೊದಲ ತಿಂಗಳು ಹೊಟ್ಟೆ ಹಸಿದರೂ ಹಸಿವು ಅನ್ನಲಾರದೆ ಸುಮ್ಮನೆ ತಟ್ಟೆ ನೋಡುತ್ತಾ ಕೂರುತ್ತಿದ್ದೆ. ಆ ಹೆಸರಿನ ಅರ್ಥವಂತೂ ದಿನಕ್ಕೆ ಹತ್ತು ಸಲ ಬೇಕಾಗುವಂಥದ್ದು. ಜನ ನಡೆದು ನಡೆದು ನೆಲದ ಮೇಲೆ ಮೂಡುತ್ತದಲ್ಲ, ಅದು. ಅದಕ್ಕೆ ಬದಲಾಗಿ ಸೊಸೆಯಂದಿರು ಆಡುವ ಹಳೆಯ ಮಾತನ್ನು ನೀನೇ ಹೇಳಿಕೊಟ್ಟೆ, ‘ನ್ಯಾತುಕೊ’. ಏಳು ವರ್ಷ ಅದನ್ನೇ ಆಡಿ ಆಡಿ ನನ್ನ ತಲೆಯಲ್ಲಿ ಅದೇ ನಿಜವಾದ ಮಾತಾಗಿ ಕೂತುಬಿಟ್ಟಿದೆ. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ನಾನು ಮಾಡುವ ಕೆಲಸ ಏನೆಂದು ನೀನು ಪ್ರತಿಸಲ ಕೇಳುತ್ತೀಯ, ಹೆಸರು ಮಾರುತ್ತೇನೆ ಎಂದರೆ ನಗುತ್ತೀಯ. ಇಂಟರ್ನೆಟ್ಟಿನಲ್ಲಿ ಅಂಗಡಿಗೆ, ಶಾಲೆಗೆ, ಚರ್ಚಿಗೆ ಒಂದೊಂದು ಹೆಸರಿರುತ್ತದೆ. ಡೊಮೈನ್ ಅನ್ನುತ್ತಾರೆ. ಅದು ಯಾರಿಗೂ ಸ್ವಂತವಲ್ಲ, ಬಾಡಿಗೆ ಕಟ್ಟಿ ಇಟ್ಟುಕೊಳ್ಳಬೇಕು. ಕಟ್ಟುವುದು ತಪ್ಪಿ ಕೆಲವು ವಾರ ಕಳೆದರೆ ಆ ಹೆಸರು ಹರಾಜಿಗೆ ಬರುತ್ತದೆ. ನನ್ನಂಥವರು ಹದ್ದಿನ ಹಾಗೆ ಕಾಯುತ್ತಿರುತ್ತೇವೆ. ಚಿಕ್ಕದಾಗಿರಬೇಕು, ಮಗುವಿಗೂ ಹೇಳಲು ಬರಬೇಕು, ಅರ್ಥವಿರುವ ಮಾತಾದರೆ ಇನ್ನೂ ಒಳ್ಳೆಯದು. ಹಾಗೆ ಬೆಲೆ ಕಟ್ಟುತ್ತೇವೆ. ಹೋದ ವರ್ಷ ಒಂದು ಶಿಶುವಿಹಾರದವರು ಕಟ್ಟಲು ಮರೆತ ಹೆಸರನ್ನು ನಾನು ಹಿಡಿದು ಅವರಿಗೇ ಮಾರಿದೆ, ಕೊಂಡದ್ದರ ನಲವತ್ತು ಪಟ್ಟು ಬೆಲೆಗೆ. ಆ ಟೀಚರಮ್ಮ ಫೋನಿನಲ್ಲಿ ಅತ್ತರು. “ಅಮ್ಮಾ, ಅಳೋದ್ಯಾಕೆ? ಮರೆತವರು ನೀವು, ನಾನಲ್ವಲ್ಲ,” ಅಂದಿದ್ದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಮಾವನವರ ಕಂಪನಿಯ ಹೆಸರೂ ಅವರ ಹೆಸರೇ ಎಂಬುದು ನಿನಗೆ ಗೊತ್ತು. ಜೋಹಾನ್ಸ್‌ಬರ್ಗಿನಲ್ಲಿ ತೀರಿಕೊಂಡವರನ್ನು ಅವರವರ ಊರಿಗೆ ತಂದು ಒಪ್ಪಿಸುವ ಎರಡು ಗಾಡಿ, ಗಾಡಿಯ ಮೇಲೆ ಆ ಹೆಸರು, ಇಂಟರ್ನೆಟ್ಟಿನಲ್ಲೂ ಅದೇ. ಅದರ ಬಾಡಿಗೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಡರ್ಬನ್ನಿನಲ್ಲಿ ರೂಬೆನ್ ನಾಯ್ಕರ್ ಎಂಬ ಏಜೆಂಟ್ ಇದ್ದಾನೆ, ನನ್ನ ಹೆಸರುಗಳೆಲ್ಲ ಅವನ ಬಳಿಯೇ. ಜುಲೈ ತಿಂಗಳಲ್ಲಿ ನನ್ನ ಬ್ಯಾಂಕ್ ಕಾರ್ಡ್ ಬದಲಾಗಿ ತಾನಾಗಿ ಹೋಗುತ್ತಿದ್ದ ಹಣ ನಿಂತಿತು. ಅವನು ಫೋನ್ ಮಾಡಿ, “ಮೇಡಂ, ಈ ತಿಂಗಳು ಯಾವುದಕ್ಕೆ ಕಟ್ಟಬೇಕು, ಹೆಸರು ಹೇಳಿ,” ಅಂದ. ಅತ್ತೆ ಪಕ್ಕದಲ್ಲೇ ಕೂತು ಅವರೆಕಾಳು ಬಿಡಿಸುತ್ತಿದ್ದರು. ನಾನು ನಿರಾಳವಾಗಿ, ನ್ಯಾತುಕೊ ಅಂದೆ. ಅವನಿಗೆ ನಮ್ಮ ಸೊಸೆಯಂದಿರ ಭಾಷೆ ಎಲ್ಲಿಂದ ಗೊತ್ತು? ನಾನು ಯಾವಾಗಲೂ ಹೊಸ ಹೆಸರು ಕೊಳ್ಳುವವಳು, ಇದೂ ಹೊಸದೆಂದುಕೊಂಡ. “ಆಯ್ತು ಮೇಡಂ, ಎರಡು ವರ್ಷಕ್ಕೆ ನಿಮ್ಮದೇ,” ಅಂದ. ರಸೀದಿ ಬಂತು, ನಾನು ತೆರೆಯಲಿಲ್ಲ.

ಹೋದ ಸೋಮವಾರ ಜೋಹಾನ್ಸ್‌ಬರ್ಗಿನಿಂದ ಒಬ್ಬ ಹೆಂಗಸು ಫೋನ್ ಮಾಡಿ, “ನಮ್ಮಣ್ಣನ ಕಾಗದಪತ್ರ ಮೂರು ಸಲ ಕಳ್ಸಿದೆ, ವಾಪಸ್ ಬರ್ತಿದೆ, ನಿಮ್ಮ ಕಂಪನಿ ಮುಚ್ಚೋಯ್ತಾ?” ಅಂದಳು. ತೆರೆದು ನೋಡಿದರೆ ಕಂಪನಿಯ ಪುಟವಿದ್ದ ಕಡೆ ಬರೀ ಬಿಳಿ. ಹರಾಜಿನ ಪಟ್ಟಿಯಲ್ಲಿ ಮಾವನವರ ಹೆಸರು ನಿಂತಿತ್ತು, ಆಗಲೇ ಮೂವತ್ತೊಂದು ಜನ ಕೂಗಿದ್ದರು. ನಾನು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ನೋಡುವ ಅದೇ ಪಟ್ಟಿ. ವಾಪಸ್ ಪಡೆಯುವ ಗಡುವು ಮುಗಿದಿತ್ತು. ಕೂಗಿ ಗೆದ್ದರಷ್ಟೇ ಉಂಟು.

ಆ ಹೆಸರು ಯಾರ ಕೈಗೆ ಹೋಗುತ್ತದೋ ಅವರಿಗೆ ಆ ವಿಳಾಸಕ್ಕೆ ಬರುವ ಇಮೇಲ್ ಪತ್ರಗಳೂ ಹೋಗುತ್ತವೆ. ಸತ್ತವರ ಗುರುತಿನ ಚೀಟಿ, ಮರಣಪತ್ರ, ಅಳುತ್ತಾ ಬರೆದ ಮನೆಯವರ ಫೋನ್ ನಂಬರು, ಎಲ್ಲ. ಅಂಥವರಿಗೆ ಮಾವನವರ ಹೆಸರಿನಲ್ಲೇ ಉತ್ತರ ಬರೆದು, ಹೆಣ ಕಳಿಸಲು ಈ ಖಾತೆಗೆ ಹಣ ಹಾಕಿ ಅನ್ನುವ ಜನ ನಮ್ಮ ಕಸುಬಿನಲ್ಲಿದ್ದಾರೆ. ನಲವತ್ತು ವರ್ಷ ಒಂದು ಹೆಣವನ್ನೂ ತಪ್ಪು ಮನೆಗೆ ಮುಟ್ಟಿಸದ ಮನುಷ್ಯ ಮಾವನವರು.

ಇನ್ನೊಂದು ವಿಷಯ ಬರೆಯಬಾರದು ಅಂದುಕೊಂಡಿದ್ದೆ. ನಿನಗೆ ಮುಚ್ಚಿಟ್ಟು ಏನು ಮಾಡಲಿ? ಮೇ ತಿಂಗಳಲ್ಲಿ ನಮ್ಮ ಹೆಸರು ಮಾರುವವರ ಗುಂಪಿನಲ್ಲಿ ಮಾವನವರ ಹೆಸರು ಹಾಕಿ, ಇದಕ್ಕೆ ಎಷ್ಟು ಬೆಲೆ ಬರಬಹುದು ಎಂದು ಕೇಳಿದ್ದೆ. ಮಾರುವುದಕ್ಕಲ್ಲ, ಬರೀ ಜಂಬಕ್ಕೆ. ಎಲ್ಲರೂ ಹೊಗಳಿದರು, ನಾನು ಉಬ್ಬಿದೆ. ಆ ಮೂವತ್ತೊಂದರಲ್ಲಿ ಎಷ್ಟು ಜನ ಆವತ್ತಿನಿಂದಲೇ ಕಾಯುತ್ತಿದ್ದರೋ. ನಾನೇ ಅಲ್ಲವೇ ತೋರಿಸಿಕೊಟ್ಟದ್ದು?

ಹರಾಜು ಮುಗಿಯುವುದಿದ್ದದ್ದು ಗುರುವಾರ ಸಂಜೆ ನಾಲ್ಕಕ್ಕೆ. ದಿಂಗಾನಿ ಗಾಡಿ ತೆಗೆದುಕೊಂಡು ಹೋಗಿದ್ದರು, ಅವರಿಗೆ ಹೇಳಿರಲಿಲ್ಲ. ಗಂಡನಿಗೂ ಹೇಳದಷ್ಟು ಭಯವಿತ್ತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮುಂದಿನ ಕೋಣೆಯ ಕಿಟಕಿ ಹತ್ತಿರ ಮಾತ್ರ. ಮಾವನವರು ಬಿಸಿಲಿಗೆಂದು ಕೂರುವುದೂ ಅಲ್ಲೇ, ತೊಡೆ ಮೇಲೆ ಕಂಬಳಿ ಹೊದ್ದು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅತ್ತೆ ಅಡುಗೆಮನೆಯಲ್ಲಿ ಕೆಸುವಿನ ಗೆಡ್ಡೆ ಬೇಯಿಸುತ್ತಿದ್ದರು.

ಕೊನೆಗೆ ಉಳಿದವರು ನಾನು ಮತ್ತು ಇನ್ನೊಬ್ಬ. ಪರದೆಯ ಮೇಲೆ ಅವನಿಗೆ ಹೆಸರಿಲ್ಲ, ಬರೀ ಒಂದು ನಂಬರು. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಇನ್ನೈದು ನಿಮಿಷ ಸೇರುತ್ತದೆ. ನಾನು ಕೂಗುವುದು, ಅವನು ಕೂಗುವುದು, ಹೀಗೇ ನಾಲ್ಕೂವರೆಯಾಯಿತು. ಆಗ ನನ್ನ ಮಿತಿ ಮುಗಿಯಿತು. ಅದಕ್ಕಿಂತ ಮೇಲೆ ಕೂಗಬೇಕಾದರೆ ಹರಾಜಿನವರು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಮಾಡಿದರು. ಸಮುದ್ರದಾಚೆಯ ಯಾವನೋ, ಬಹಳ ಮರ್ಯಾದಸ್ಥ.

“ನೀವು ಯಾವ ಹೆಸರಿಗೆ ಕೂಗ್ತಿದೀರಿ ಅಂತ ಹೇಳಿ, ಮೇಡಂ.”

ಒಂದೊಂದೇ ಅಕ್ಷರ ಹೇಳಿದೆ. ಗಾಳಿ, ಗರಗರ ಸದ್ದು. “ಎಂ ಅಂದ್ರಾ, ಎನ್ ಅಂದ್ರಾ? ಆಮೇಲೆ ಬಿ?” ಮತ್ತೆ ಹೇಳಿದೆ. ಮತ್ತೆ ತಪ್ಪು ಕೇಳಿಸಿಕೊಂಡ. ಪರದೆಯ ಮೇಲೆ ಒಂದೂವರೆ ನಿಮಿಷ ಉಳಿದಿತ್ತು. “ಮೇಡಂ, ಆ ಪದಾನ ಒಂದ್ಸಲ ಪೂರ್ತಿ ಹೇಳ್ಬಿಡಿ, ಸಾಕು. ಇಲ್ದಿದ್ರೆ ನಾನೇನೂ ಮಾಡೋಕಾಗಲ್ಲ.”

ಮಾವನವರು ತಲೆ ಬಾಗಿಸಿ ತೂಕಡಿಸುತ್ತಿದ್ದಂತೆ ಕಂಡಿತು. ನಾನು ಫೋನನ್ನು ಬಾಯಿಗೆ ಒತ್ತಿಕೊಂಡು ಪಿಸುಗುಟ್ಟಿದೆ. “ಕೇಳಿಸ್ಲಿಲ್ಲ,” ಅಂದ. ಆಗ ಗಟ್ಟಿಯಾಗಿ ಹೇಳಿದೆ, ಅಮ್ಮಾ. ಏಳು ವರ್ಷ ಹಲ್ಲಿನ ಹಿಂದೆ ಇಟ್ಟುಕೊಂಡದ್ದು ಕೂಗಿನ ಹಾಗೆ ಹೊರಗೆ ಬಂತು.

ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿದ್ದ ಸದ್ದು, ಹಿಂದೆಯೇ ಅತ್ತೆಯ ಹೆಜ್ಜೆ. ಮಾವನವರು ತಲೆ ಎತ್ತಿ ಜೋರಾಗಿ, “ಬಂದೆ, ಅಮ್ಮಾ, ಬಂದೆ,” ಅಂದರು.

ಅತ್ತೆ ಬಾಗಿಲಲ್ಲಿ ನಿಂತು, “ಯಾರೇ ಅದು, ಹೆಸರು ಹಿಡಿದು ಕರೆದದ್ದು?” ಅಂದರು. ಫೋನಿನವನು ಸರಿ ಅಂದ, ನನ್ನ ಬೆರಳು ತಾನಾಗಿಯೇ ಒತ್ತಿತು, ಆ ನಂಬರಿನವನು ಮತ್ತೆ ಕೂಗಲಿಲ್ಲ, ಹೆಸರು ನಮ್ಮದಾಯಿತು. ಆದರೆ ನಾನು ಪರದೆ ನೋಡುವ ಸ್ಥಿತಿಯಲ್ಲಿರಲಿಲ್ಲ. “ಗೊತ್ತಿಲ್ಲ ಅತ್ತೆ, ನಾನು ಫೋನಲ್ಲಿದ್ದೆ,” ಅಂದೆ. ಮಾವನವರು, “ನಮ್ಮಮ್ಮ ಕರೆದ್ಲು ಕಣೇ,” ಅಂದರು. ಅತ್ತೆ ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟರು. ಮಾವನವರನ್ನು ಹೆಸರು ಹಿಡಿದು ಕರೆಯುವವರು ಈಗ ಯಾರಿದ್ದಾರೆ? ಊರವರಿಗೆ ಅವರು ಕುಲದ ಹೆಸರಿನಿಂದ ಮ್ತಿಯಾನೆ, ಮಕ್ಕಳಿಗೆ ಬಾಬಾ. ಕರೆಯುತ್ತಿದ್ದವಳು ಆ ತಾಯಿಯೊಬ್ಬಳೇ, ಅವಳು ಹೋಗಿ ನಲವತ್ತು ವರ್ಷ.

ಆ ಸಂಜೆ ಮಾವನವರು ಚೆನ್ನಾಗಿಯೇ ಉಂಡರು. “ಮಾಬಿಯೇಲಾ, ಗೆಡ್ಡೆಗೆ ಉಪ್ಪು ಹಾಕೋದನ್ನ ನಿನ್ನತ್ತೆಗೆ ಕಲಿಸು, ಸಾಯೋಕ್ ಮುಂಚೆ ಒಂದ್ಸಲ ರುಚಿ ನೋಡ್ತೀನಿ,” ಎಂದು ನನ್ನ ತವರಿನ ಕುಲದ ಹೆಸರು ಹಿಡಿದು ಕರೆದು ತಮಾಷೆ ಮಾಡಿದರು. ನನಗೆ ಸ್ವಲ್ಪ ಉಸಿರು ಬಂತು. ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಹರಾಜಿನ ಹಣ ಕಳಿಸಿ ಬಂದೆ. ಬಂದು ನೋಡಿದರೆ ಅವರು ಚರ್ಚಿನ ಶೂ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಬಾಗಿಲಿಗೆ ಮುಖ ಮಾಡಿ ಕೂತಿದ್ದಾರೆ. ಅವತ್ತಿನಿಂದ ಹಾಗೇ. ತಟ್ಟೆ ಮುಟ್ಟುವುದಿಲ್ಲ. ಮಲಗುವಾಗಲೂ ಶೂ ಬಿಚ್ಚಲು ಬಿಡುವುದಿಲ್ಲ. ಅತ್ತೆ ಹಿರಿಯರಿಗೆಂದು ಒಣಸೊಪ್ಪಿನ ಧೂಪ ಹಾಕುತ್ತಲೇ ಇದ್ದಾರೆ, ಮಾವನ ತಮ್ಮಂದಿರಿಗೆ ಹೇಳಿ ಕಳಿಸಿದ್ದಾರೆ. ಇಷ್ಟು ಅವಸರ ಮಾಡಬೇಡ ಎಂದು ಆ ತಾಯಿಯನ್ನು ಬೇಡಿಕೊಳ್ಳಲು ಬರುವ ಶನಿವಾರ ಮೇಕೆ ಕಡಿಯುತ್ತಾರಂತೆ. ದಿಂಗಾನಿ ಬಂದವರು ತಂದೆಯನ್ನು ಮೇಲಿಂದ ಕೆಳಗೆ ನೋಡಿದರು. ಗಾಡಿಯಲ್ಲಿ ಮಲಗಿ ಬರುವ ಗಿರಾಕಿಗಳನ್ನು ನೋಡುವ ಹಾಗೆ ನೋಡಿದರು, ಅಮ್ಮಾ. ಆಮೇಲೆ ಹಿತ್ತಲಿಗೆ ಹೋಗಿ ಅತ್ತರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಜ ಹೇಳಿದರೆ ಅತ್ತೆ ನನ್ನನ್ನು ನಿನ್ನ ಮನೆಗೆ ಅಟ್ಟುತ್ತಾರೆ, ತಪ್ಪಿಗೆ ಮೇಕೆ ಹಿಡಿದುಕೊಂಡು ಬಾ ಎನ್ನುತ್ತಾರೆ. ಬಂದ ಮೇಲೂ ಸಾಯುವತನಕ ಆಡಿಕೊಳ್ಳುತ್ತಾರೆ. ಹೇಳದಿದ್ದರೆ ಆ ಮುದುಕರು ಸತ್ತ ತಾಯಿ ಕರೆದಳೆಂದು ನಂಬಿ ಹೊರಟೇಬಿಡುತ್ತಾರೆ. ಕೊಂದವಳು ನಾನಾಗುತ್ತೇನೆ. ಏನು ಹೇಳಬಾರದು ಎಂದು ಮೂರು ತಿಂಗಳು ಕಲಿಸಿದೆಯಲ್ಲ, ಹೇಳಿದ ಮೇಲೆ ಏನು ಮಾಡಬೇಕು ಎಂದು ಯಾಕೆ ಕಲಿಸಲಿಲ್ಲ?

ಅತ್ತೆ ಕೋಳಿಗೆ ಕಾಳು ಹಾಕಲು ಹಿತ್ತಲಿಗೆ ಹೋಗಿದ್ದಾರೆ. ಈಗಲೇ ಮಾವನವರ ಕಾಲು ಹಿಡಿದು ಹೇಳಿಬಿಡುತ್ತೇನೆ. ಆಮೇಲೆ ಏನಾಗುತ್ತದೋ ಆಗಲಿ.

ನಿನ್ನ ಹೆದರುಪುಕ್ಕಲ ಮಗಳು,
ಖೆತಿವೆ

ಮ.ಬ.: ಹೇಳಿದೆ. ಕರೆದದ್ದು ನಾನು ಬಾಬಾ, ನಿಮ್ಮಮ್ಮ ಅಲ್ಲ, ಶೂ ಬಿಚ್ಚಿ ಒಂದು ತುತ್ತು ತಿನ್ನಿ ಎಂದು ಅತ್ತುಬಿಟ್ಟೆ. ಮಾವನವರು ನನ್ನ ತಲೆ ಮೇಲೆ ಕೈಯಿಟ್ಟು ನಕ್ಕರು. “ಗೊತ್ತು ಮಗಳೇ. ನಮ್ಮಮ್ಮನ ದನಿ ನಂಗೆ ಗೊತ್ತಿಲ್ವಾ? ನಿನ್ನತ್ತೆ ಓಡಿ ಬರೋ ಸದ್ದು ಕೇಳ್ತು, ನಿನ್ನ ಉಳಿಸೋಣ ಅಂತ ಹಂಗಂದೆ. ಅದು ಗುರುವಾರದ ಮಾತು.” ಹಾಗಾದರೆ ಈ ಶೂ ಯಾಕೆ ಬಾಬಾ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡುತ್ತಾ, “ಶುಕ್ರವಾರ ಬೆಳಿಗ್ಗೆ ಮತ್ತೆ ಕರೆದ್ರಲ್ಲ. ಅದು ನಿನ್ನ ದನಿ ಅಲ್ಲ,” ಅಂದರು. ನಾನು ಕರೆದದ್ದು ಒಂದೇ ಸಲ, ಅಮ್ಮಾ. ಬೇಗ ಬಾ.