ಅಂಚುಕೂಟ ಚಿಕ್ಕಪ್ಪನ ಮನೆಯಲ್ಲಿ ಕೂತದ್ದು

ಗುಂಡಗಲ್ಲು ಸೀಮೆ,
ಮೂವತ್ತೊಂದನೆಯ ಕೋಡಿ, ಎರಡನೆಯ ಬೇಸಗೆ.

ನನ್ನ ಮುತ್ತಜ್ಜನ ಮುತ್ತಜ್ಜನವರಿಗೆ ಕೆಂಚವ್ವ ಮಾಡುವ ನಮಸ್ಕಾರ. ತಾರೀಕು ನೋಡಿ ಗಾಬರಿಯಾಗಬೇಡಿ. ನಾವು ವರ್ಷ ಎಣಿಸುವುದಿಲ್ಲ, ಕೆರೆ ತುಂಬಿ ಕೋಡಿ ಹರಿದದ್ದನ್ನು ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇನ್ನೂರು ವರ್ಷ ಮುಂದಿದ್ದೇನೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಕಂಡ ಒಣ ಕೆರೆಯಂಗಳದಲ್ಲಿ ಈಗ ನೀರಿದೆ. ಮೂಡಲಿಗೆ ಬೋಳುಗುಡ್ಡ, ಪಡುವಲಿಗೆ ಏರಿ, ಸುತ್ತ ಹನ್ನೊಂದು ಊರು. ಒಡೆದುಹೋಗಿದ್ದ ಏರಿಯನ್ನು ನಿಮ್ಮ ಮೊಮ್ಮಕ್ಕಳು ಒಂಬತ್ತು ಬೇಸಗೆ ಮಣ್ಣು ಹೊತ್ತು ಮತ್ತೆ ಕಟ್ಟಿದರು. ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆ ಹೆಂಗಸರು ಅದರ ಹಿಂದೆಯೇ ಕರಬೂಜದ ಬೀಜ ಊರುತ್ತಾ ಹೋಗುತ್ತಾರೆ.

ನಮ್ಮನ್ನಾಳುವುದು ಅಂಚುಕೂಟ. ಊರಿಗೊಬ್ಬರಂತೆ ಹನ್ನೊಂದು ಜನ, ಕಂಕುಳಲ್ಲಿ ಚಾಪೆ. ಅವರಿಗೆ ಕಟ್ಟಡವಿಲ್ಲ, ಕುರ್ಚಿಯಿಲ್ಲ. ಅಂದು ನೀರಿನ ಅಂಚು ಎಲ್ಲಿದೆಯೋ ಅಲ್ಲೇ ಕೂರಬೇಕು. ಕೆರೆಯ ಗಡಿಗೆ ಮೀನು ಕೆತ್ತಿದ ಕಲ್ಲುಗಳಿವೆ, ಅವುಗಳ ಒಳಗೆ ಮನೆ ಕಟ್ಟಲು ಯಾರಿಗೂ ಹಕ್ಕಿಲ್ಲ. ಗುಡ್ಡದ ಕಡೆ ಮಾತ್ರ ಒಂದು ಕಲ್ಲು ಯಾವ ಕಾಲದಲ್ಲೋ ಕಾಣೆಯಾಗಿತ್ತು.

ಅಲ್ಲಿಯೇ ನನ್ನ ಚಿಕ್ಕಪ್ಪ ಬೋರಯ್ಯ, ಕೆರೆ ಬತ್ತಿದ್ದಾಗ, ನಾಲ್ಕು ಕೋಡಿಯ ದುಡಿಮೆ ಸುರಿದು ಹೆಂಚಿನ ಮನೆ ಕಟ್ಟಿಕೊಂಡ. ಮೂವತ್ತೊಂದನೆಯ ಕೋಡಿಯಲ್ಲಿ ನೀರು ಅವನ ಜಗಲಿಗೆ ಬಂತು. ಹನ್ನೊಂದು ಜನ ಬಂದು ಚಾಪೆ ಹಾಸಿದರು. ಹಿರಿಯಳಾದ ತಿಪ್ಪಕ್ಕ ಹೇಳಿದಳು:

“ಮನೆ ಒಡೆಯೋಕೆ ಬಂದಿಲ್ಲಪ್ಪ ಬೋರಯ್ಯ, ಕೂರೋಕೆ ಬಂದಿದೀವಿ. ಮಜ್ಜಿಗೆ ಇದ್ರೆ ಕೊಡು.”

ಇದು ಒಂದು ಸಲದ ನೆರೆ, ಕೋಡಿಯನ್ನು ಒಂದು ಮೊಳ ತಗ್ಗಿಸಿ ನನ್ನ ಮನೆ ಉಳಿಸಿ ಎಂದು ಚಿಕ್ಕಪ್ಪ ಬೇಡಿಕೊಂಡ. ತಗ್ಗಿಸಿದರೆ ಕೆಳಗಿನ ಮೂರು ಊರಿಗೆ ನೀರಿಲ್ಲ. ಆದರೆ ಕಲ್ಲಿಲ್ಲದ ಕಡೆ ಅವನದು ತಪ್ಪೆನ್ನಲು ಕೂಟಕ್ಕೆ ಬಾಯಿಲ್ಲ. ಮೂರನೆಯ ದಿನ ನೀರು ಪಡಸಾಲೆಗೆ ಬಂತು, ಚಾಪೆಗಳೂ ಬಂದವು. ನಾಲ್ಕನೆಯ ದಿನ ಅಡುಗೆಮನೆ. ಪಕ್ಕದೂರಿನ ಎಮ್ಮೆಯ ಜಗಳ ಚಿಕ್ಕಮ್ಮ ಮಾರಕ್ಕನ ಒಲೆಯ ಮುಂದೆಯೇ ತೀರ್ಮಾನವಾಯಿತು.

“ನಾಳೆ ದೇವರ ಗೂಡಲ್ಲಿ ಕೂರ್ತಾರೇನೋ ಕೇಳ್ರಿ,” ಎಂದಳು ಚಿಕ್ಕಮ್ಮ ಗಂಡನಿಗೆ.

ಐದನೆಯ ದಿನ ನೀರು ಹಿತ್ತಿಲಿಗೆ ಬಂದಾಗ, ಬಟ್ಟೆ ಒಗೆಯುವ ಕಲ್ಲನ್ನಾದರೂ ಮೇಲಕ್ಕೆ ಸರಿಸಿಕೊಡಿ ಎಂದು ಆಕೆ ಕೂಟದವರನ್ನೇ ಕರೆದಳು. ನಮ್ಮ ಹಳೆಯ ಮನೆಯಿಂದ ತಂದ ಕಲ್ಲು ಅದು. ಇಬ್ಬರು ಸೇರಿ ಮಗುಚಿದರು. ಅಡಿಯಲ್ಲಿ ಮೀನು. ಮೀನಿನ ಕೆಳಗೆ ಬರೆಹ: ಗುಡ್ಡದ ಬಂಡೆಯಿಂದ ಮುನ್ನೂರು ಮಾರು.

ತಿಪ್ಪಕ್ಕ ಸೆರಗಿನಿಂದ ಕೆಸರು ಒರೆಸಿದಳು. ಬಂಡೆಗೆ ಹಗ್ಗ ಕಟ್ಟಿ ಅಳೆದರು. ಚಿಕ್ಕಪ್ಪನ ಹಿತ್ತಿಲ ಬೇಲಿ ಮುಟ್ಟುವ ಮೊದಲೇ ಅಳತೆ ಮುಗಿಯಿತು; ಇಡೀ ಮನೆ ಕೆರೆಯ ಗಡಿಯೊಳಗಿತ್ತು.

ಚಿಕ್ಕಪ್ಪ ತುಸು ಹೊತ್ತು ಹಗ್ಗದ ತುದಿಯನ್ನೇ ನೋಡಿದ. “ಏಣಿ ತಗೊಂಬಾ,” ಎಂದ ಹೆಂಡತಿಗೆ. ಮೊದಲ ಹೆಂಚನ್ನು ತಾನೇ ಇಳಿಸಿದ. ಕೂಟದವರು ಚಾಪೆ ಸುತ್ತಿಟ್ಟು ತೊಲೆಗಳಿಗೆ ಹೆಗಲು ಕೊಟ್ಟರು. ಆ ಮನೆ ಈಗ ದಿಬ್ಬದ ಮೇಲಿದೆ. ಕೋಡಿ ತಗ್ಗಲಿಲ್ಲ.

ಅಜ್ಜಾ, ಆ ಕಲ್ಲನ್ನು ಕಿತ್ತು ಮನೆಗೆ ತಂದವರು ನೀವೇ ಎಂದು ನಮ್ಮವರು ಹೇಳುತ್ತಾರೆ. ಕೆರೆ ಒಣಗಿತ್ತು, ಒಳ್ಳೆಯ ಚಪ್ಪಡಿ ಕಣ್ಣಿಗೆ ಬಿತ್ತು, ತಂದಿರಿ. ಸಿಟ್ಟಿಲ್ಲ. ಈ ಕಾಗದ ತಲುಪುವ ಹೊತ್ತಿಗೆ ಅದಿನ್ನೂ ನೆಲದಲ್ಲೇ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಈಗಾಗಲೇ ಹಿತ್ತಿಲಿಗೆ ಬಂದಿದ್ದರೆ, ಮೀನು ಮೇಲೆ ಕಾಣುವಂತೆ ಹಾಕಿಸಿ.

ಕಲ್ಲು ಈಗ ತನ್ನ ಜಾಗದಲ್ಲಿದೆ. ಚಿಕ್ಕಮ್ಮನಿಗೆ ಬಟ್ಟೆ ಒಗೆಯಲು ಕಲ್ಲಿಲ್ಲ. ಹಾಗಾಗಿ ಈ ಸೀಮೆಯಲ್ಲಿ ನಿಮ್ಮ ಹೆಸರು ದಿನಾ ಬೆಳಿಗ್ಗೆ ಕೇಳಿಸುತ್ತದೆ.