ಅಜ್ಜಿ ಬಿಟ್ಟುಕೊಟ್ಟ ಜಾಗ

ಲ್ಯಾಬಿನ ಕಿಟಕಿ ಪಕ್ಕದ ಮೇಜಿನಿಂದ
ಗುರುವಾರ, ಜೂನ್ ೧೨

ಪ್ರೀತಿಯ ಅಜ್ಜೀ,

ಮಂಡಿನೋವು ಹೇಗಿದೆ? ಬೇಡವೆಂದರೂ ಮೆಟ್ಟಿಲು ಹತ್ತಿಳಿಯುತ್ತೀಯಂತೆ. ಚಾಡಿ ಹೇಳಿದ್ದು ಚಿಕ್ಕಮ್ಮನೇ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬೆಳಿಗ್ಗೆ ಬಚ್ಚಲುಮನೆ ಬಾಗಿಲಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಜಟಾಪಟಿ ಇನ್ನೂ ನಿಂತಿಲ್ಲ.

ಈಗ ಸುದ್ದಿ ಕೇಳು. ನನ್ನ ಪ್ರೋಟೀನ್ ಮಡಚಿಕೊಂಡಿತು! ಅದು ಉದ್ದನೆಯ ಸರ, ತನ್ನ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಹಸಿರಾಗಿ ಹೊಳೆಯುತ್ತದೆ ಅಂತ ಹೇಳಿದ್ದೆನಲ್ಲ? ನನ್ನ ಕೊಳವೆಯಲ್ಲಿ ಮಾತ್ರ ಆ ಸೋಮಾರಿ ಕೈಕಾಲು ಚೆಲ್ಲಿ ಬಿದ್ದುಕೊಂಡಿತ್ತು. ನಾನೋ, ಜೊತೆಗಿದ್ದುದನ್ನೆಲ್ಲ ತೊಳೆದು ತೊಳೆದು ಅದನ್ನು ತಿಳಿನೀರಿನಲ್ಲಿ ಒಂಟಿಯಾಗಿ ಇಟ್ಟಿದ್ದೆ. ಇಲ್ಲಿ ಎಲ್ಲರೂ ಮಾಡುವುದು ಹಾಗೆಯೇ. "ಈ ಸಲವೂ ಆಗ್ಲಿಲ್ಲ ಅಂದ್ರೆ ಬೇರೆ ವಿಷಯ ನೋಡ್ಕೊಳಮ್ಮಾ" ಎಂದು ಮೇಡಂ ಹೇಳಿಬಿಟ್ಟಿದ್ದರು.

ನೀನು ಚಿಕ್ಕಮ್ಮನ ಮನೆಗೆ ಹೋದ ಮೇಲೆ ಕೋಣೆಯಲ್ಲಿ ನಿನ್ನ ಜಾಗಕ್ಕೆ ನನ್ನ ಮೇಜು ಬಂತು. ತಂಗಿಯನ್ನೂ ಅಮ್ಮನ ಬಳಿಗೆ ಅಟ್ಟಿದರು. ಕೋಣೆಯೆಲ್ಲ ನನ್ನದೇ ಆದರೂ ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಮೂವರೂ ಒತ್ತಿಕೊಂಡು ಮಲಗುವಾಗ ನಾನು ಗೊಣಗಿದರೆ, "ಜಾಗ ಕಮ್ಮಿ ಇದ್ರೆ ಮೈ ತಾನಾಗೇ ಮುದುರ್ಕೊಳುತ್ತೆ ಕಣೇ, ಸುಮ್ನೆ ಮಲ್ಕೋ" ಎನ್ನುತ್ತಿದ್ದೆಯಲ್ಲ, ಅದು ನೆನಪಾಯಿತು. ಅಯ್ಯೋ, ಜೀವಕೋಶದೊಳಗೂ ಅಷ್ಟೇ ತಾನೆ! ಅಲ್ಲಿ ಪ್ರೋಟೀನಿಗೆ ಕಾಲು ಚಾಚಲು ಜಾಗವೆಲ್ಲಿ? ಸುತ್ತ ಇನ್ನೆಷ್ಟೋ ಕಣಗಳು ಮೈಗೆ ಮೈ ತಾಗಿಸಿಕೊಂಡಿರುತ್ತವೆ. ಪುಸ್ತಕದಲ್ಲಿ ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಮರುದಿನ ಸಕ್ಕರೆ ಜಾತಿಯ ದಪ್ಪ ಕಣಗಳನ್ನು ಕೊಳವೆಗೆ ತುಂಬಿದೆ. ಮೊದಲ ಸಲ ಅತಿಯಾಯಿತು. ಪ್ರೋಟೀನುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗಡ್ಡೆಕಟ್ಟಿದವು, ಬಚ್ಚಲ ಬಾಗಿಲಿನ ಅಣ್ಣತಮ್ಮಂದಿರ ಹಾಗೆ. ಸ್ವಲ್ಪ ಕಡಿಮೆ ಮಾಡಿದೆ ನೋಡು, ಕೊಳವೆ ಹಸಿರಾಗಿ ಹೊಳೆಯಿತು! ಮೇಡಂ ಬೆನ್ನು ತಟ್ಟಿದರು, ನಾನು ಅತ್ತುಬಿಟ್ಟೆ. ನನ್ನ ಕೆಲಸ ಉಳಿಯಿತು.

"ಹುಡುಗಿ ಓದ್ಕೊಳ್ಲಿ, ನಾನ್ಯಾಕೆ ಅಡ್ಡ" ಎಂದು ಗಂಟುಮೂಟೆ ಕಟ್ಟಿಕೊಂಡು ಹೊರಟೆಯಲ್ಲ, ಅಷ್ಟು ದೊಡ್ಡ ಮನಸ್ಸು ಯಾರಿಗಿರುತ್ತದೆ ಅಜ್ಜೀ? ಸಾಯುವವರೆಗೂ ಮರೆಯುವುದಿಲ್ಲ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ಆಗಲೇ ಹತ್ತಿದೆ, ಇನ್ನಷ್ಟು ಬೇಕು.

ನಿನ್ನ ಗೊರಕೆಯಿಲ್ಲದೆ ಸೊರಗಿದ
ದೊಡ್ಡ ಮೊಮ್ಮಗಳು

ತಾ.ಕ.: ಮೇಜನ್ನು ಹೊರಗಿನ ಕೋಣೆಗೆ ಸಾಗಿಸಿದ್ದಾಯಿತು. ತಂಗಿ ಆಗಲೇ ತಲೆದಿಂಬಿನೊಂದಿಗೆ ವಾಪಸ್. ಗೋಡೆ ಪಕ್ಕ ನಿನ್ನ ಹಾಸಿಗೆ ಹಾಸಿದ್ದೇವೆ. ಭಾನುವಾರ ಅಪ್ಪ ಕರೆಯಲು ಬರುತ್ತಾರೆ. "ಅಲ್ಲಿ ಜಾಗ ಎಲ್ಲಿದೆ" ಅಂತ ರಾಗ ಎಳೆಯಬೇಡ. ಜಾಗ ಇಲ್ಲ. ಅದಕ್ಕೇ ಬಾ.